ಹಳೆ ಗಾಡಿಯ ಸ್ಟೀರಿಂಗ್ ಸಡಿಲವಾಗಿದೆಯೇ? ಟೈರಿನಿಂದ ಶುರುಮಾಡಿ, ಬಾಕ್ಸಿಗೆ ಕೊನೆಗೆ ಕೈ ಹಾಕಿ

ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯುವಾಗ ಒಂದು ತಿರುವು ಮುಗಿಯುವ ಮೊದಲೇ ಇನ್ನೊಂದು ಎದುರಾಗುತ್ತದೆ. ಅಂಥ ಕಡೆ ಸ್ಟೀರಿಂಗ್ ನಾಲ್ಕು ಬೆರಳಿನಷ್ಟು ತಿರುಗಿದ ಮೇಲೆ ಗಾಡಿ ತಿರುಗಲು ಶುರುಮಾಡಿತು ಎಂದರೆ, ಆ ನಾಲ್ಕು ಬೆರಳು ಎಲ್ಲೋ ಸೋರಿಹೋಗುತ್ತಿದೆ ಎಂದರ್ಥ. ಎಲ್ಲಿ ಸೋರುತ್ತಿದೆ ಎಂದು ಹುಡುಕುವ ಕೆಲಸಕ್ಕೆ ಎರಡು ಗಂಟೆ ಸಮಯ, ಒಂದು ಜಾಕಿ, ಒಬ್ಬ ಜೊತೆಗಾರ ಇದ್ದರೆ ಸಾಕು. ದುಬಾರಿ ಯಂತ್ರ ಯಾವುದೂ ಬೇಡ.

ಆದರೆ ಹೆಚ್ಚಿನ ಕಡೆ ನಡೆಯುವುದೇ ಬೇರೆ. ಸ್ಟೀರಿಂಗ್ ಲೂಸ್ ಎಂದ ಕೂಡಲೇ ಬಾನೆಟ್ ತೆಗೆದು, ಸ್ಟೀರಿಂಗ್ ಬಾಕ್ಸಿನ (ಸ್ಟೀರಿಂಗಿನ ತಿರುಗಾಟವನ್ನು ಚಕ್ರದ ಕಡೆಗೆ ದಾಟಿಸುವ ಹಲ್ಲುಗಳ ಪೆಟ್ಟಿಗೆ) ಮೇಲಿರುವ ಅಡ್ಜಸ್ಟಿಂಗ್ ಸ್ಕ್ರೂವನ್ನು ಅರ್ಧ ಸುತ್ತು ಬಿಗಿ ಮಾಡಿ ಗಾಡಿ ಕೊಟ್ಟುಬಿಡುತ್ತಾರೆ. ಎರಡು ದಿನ ಚೆನ್ನಾಗಿದೆ ಅನ್ನಿಸುತ್ತದೆ. ಬಾಕ್ಸು ಸವೆಯುವುದು ನಡುಭಾಗದಲ್ಲಿ, ಅಂದರೆ ನೇರ ಹೋಗುವಾಗ ಹಲ್ಲು ಕೂರುವ ಜಾಗದಲ್ಲಿ. ಸವೆದ ಜಾಗಕ್ಕೆ ಸರಿಹೋಗುವಷ್ಟು ಬಿಗಿ ಮಾಡಿದರೆ, ಸವೆಯದ ಎರಡು ತುದಿಗಳಲ್ಲಿ ಅದು ಹಿಡಿದುಕೊಳ್ಳುತ್ತದೆ. ಪೂರ್ತಿ ತಿರುಗಿಸಿದ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಸ್ಟೀರಿಂಗ್ ವಾಪಸ್ ಬರದಿರುವುದು ಸಡಿಲ ಸ್ಟೀರಿಂಗಿಗಿಂತ ಅಪಾಯ. ಹಾಗಾಗಿ ಈ ಕೆಲಸದಲ್ಲಿ ಕ್ರಮ ಮುಖ್ಯ: ನೆಲ ಮುಟ್ಟುವ ಟೈರಿನಿಂದ ಹುಡುಕುತ್ತಾ ಮೇಲಕ್ಕೆ ಹೋಗಬೇಕು, ಬಾಕ್ಸಿನ ಸ್ಕ್ರೂವಿಗೆ ಸರದಿ ಕಟ್ಟಕಡೆಗೆ.

ಮೊದಲು ರೋಗ ಯಾವುದೆಂದು ಬೇರ್ಪಡಿಸಿಕೊಳ್ಳಿ

"ಸ್ಟೀರಿಂಗ್ ಸರಿಯಿಲ್ಲ" ಎನ್ನುವ ಒಂದೇ ದೂರಿನೊಳಗೆ ನಾಲ್ಕು ಬೇರೆ ಬೇರೆ ತೊಂದರೆಗಳಿರುತ್ತವೆ. ಸ್ಟೀರಿಂಗ್ ಅಲ್ಲಾಡಿಸಿದರೂ ಚಕ್ರ ಅಲ್ಲಾಡುವುದಿಲ್ಲ ಎಂದರೆ ಅದು ಸಡಿಲ, ಮೆಕ್ಯಾನಿಕ್‌ಗಳು ಪ್ಲೇ ಅಥವಾ ಆಟ ಎನ್ನುವುದು ಇದನ್ನೇ. ಜಾಯಿಂಟುಗಳು, ಬುಷ್ (ಭಾಗಗಳ ನಡುವೆ ಕೂರುವ ರಬ್ಬರ್ ಅಥವಾ ಲೋಹದ ಬಳೆ), ಬಾಕ್ಸು ಇದರ ಮೂಲ. ಸ್ಟೀರಿಂಗ್ ನೇರ ಹಿಡಿದಿದ್ದರೂ ಗಾಡಿ ತನ್ನಿಷ್ಟದಂತೆ ಒಮ್ಮೆ ಆಚೆ ಒಮ್ಮೆ ಈಚೆ ಹೋಗುತ್ತಿದ್ದರೆ ಅದು ಅಲೆದಾಟ. ಇದಕ್ಕೆ ಟೈರು, ಅಲೈನ್‌ಮೆಂಟ್, ಹಿಂದಿನ ಆಕ್ಸಲ್, ಅಥವಾ ಎಲ್ಲೋ ಒಂದು ಜಾಯಿಂಟು ಅತಿಯಾಗಿ ಬಿಗಿಯಾಗಿರುವುದು ಕಾರಣ. ಯಾವಾಗಲೂ ಒಂದೇ ಕಡೆಗೆ ಎಳೆಯುತ್ತಿದ್ದರೆ ಟೈರಿನ ಗಾಳಿ ಅಥವಾ ಹಿಡಿದುಕೊಂಡ ಬ್ರೇಕು. ಒಂದು ವೇಗದಲ್ಲಿ ಮಾತ್ರ ಸ್ಟೀರಿಂಗ್ ಗಡಗಡ ನಡುಗಿದರೆ ಅದು ಚಕ್ರದ ಬ್ಯಾಲೆನ್ಸಿನದೋ ಕಿಂಗ್‌ಪಿನ್ನಿನದೋ (ಮುಂದಿನ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಪಿನ್ನು) ಸಮಸ್ಯೆ.

ತೋಟದ ದಾರಿಯಲ್ಲಿ ಇವನ್ನು ಗುರುತಿಸಲು ಆಗುವುದಿಲ್ಲ. ಹೊಂಡದಲ್ಲಿ ಒಳ್ಳೆಯ ಗಾಡಿಯೂ ಅಲೆಯುತ್ತದೆ. ಕುಶಾಲನಗರದ ಕಡೆ ಸಿಗುವಂಥ ಸಮತಟ್ಟಾದ ಟಾರು ರಸ್ತೆಯಲ್ಲಿ, ವಾಹನ ಕಡಿಮೆ ಇರುವ ಬೆಳಗಿನ ಹೊತ್ತಿನಲ್ಲಿ, 40ರಿಂದ 50 ಕಿ.ಮೀ. ವೇಗದಲ್ಲಿ ಓಡಿಸಿ ನೋಡಿ. ರಸ್ತೆಯ ಎಡಬದಿ ಮಳೆನೀರು ಹರಿಯಲೆಂದು ಸ್ವಲ್ಪ ಇಳಿಜಾರಾಗಿರುತ್ತದೆ. ಅದಕ್ಕೆ ಗಾಡಿ ಮೆಲ್ಲಗೆ ಎಡಕ್ಕೆ ಸರಿಯುವುದು ದೋಷವಲ್ಲ. ಮೂರು ವಿಷಯ ಗಮನಿಸಿ: ನೇರ ಹೋಗುವಾಗ ಏನಾಗುತ್ತದೆ, ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಮೂತಿ ಪಕ್ಕಕ್ಕೆ ಹೊರಳುತ್ತದೆಯೇ, ಬ್ರೇಕ್ ಮೆಲ್ಲಗೆ ಒತ್ತಿದಾಗ ಏನಾಗುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ಮೂತಿ ತಿರುಗಿದರೆ ಬ್ರೇಕನ್ನೂ, ಚಕ್ರವನ್ನು ಕೆಳಗಿನಿಂದ ಗಾಡಿಯ ಮೈಗೆ ಹಿಡಿದಿರುವ ಲೋವರ್ ಆರ್ಮಿನ ಬುಷ್‌ಗಳನ್ನೂ ಮೊದಲು ನೋಡಬೇಕು.

ಆಟವನ್ನು ಅಳೆಯುವುದು

ಕಣ್ಣಂದಾಜು ಬೇಡ, ಅಳೆದು ಬರೆದಿಟ್ಟುಕೊಳ್ಳಿ. ಚಕ್ರಗಳನ್ನು ನೇರ ಮಾಡಿ ಗಾಡಿಯನ್ನು ನಿಲ್ಲಿಸಿ. ಪವರ್ ಸ್ಟೀರಿಂಗ್ ಇದ್ದರೆ ಇಂಜಿನ್ ಚಾಲೂ ಇರಲಿ, ಇಲ್ಲದಿದ್ದರೆ ಬಂದ್ ಮಾಡಿ. ಸ್ಟೀರಿಂಗಿನ ಅಂಚಿಗೆ ಒಂದು ತುಂಡು ಟೇಪ್ ಅಂಟಿಸಿ, ಡ್ಯಾಶ್‌ಬೋರ್ಡಿನಿಂದ ಒಂದು ತಂತಿಯನ್ನು ಅದರ ಎದುರಿಗೆ ಬರುವಂತೆ ಬಗ್ಗಿಸಿ ನಿಲ್ಲಿಸಿ. ಜೊತೆಗಾರ ಮುಂದಿನ ಚಕ್ರದ ಪಕ್ಕ ಕೂತು ಟೈರಿನ ಮೇಲೆ ಬೆರಳಿಟ್ಟುಕೊಳ್ಳಲಿ. ನೀವು ಸ್ಟೀರಿಂಗನ್ನು ಒಂದೇ ಬೆರಳಿನಿಂದ ಎಡಕ್ಕೆ ತಳ್ಳುತ್ತಾ ಹೋಗಿ. ಟೈರು ಅಲ್ಲಾಡಿತು ಎಂದು ಆತ ಹೇಳಿದ ಕೂಡಲೇ ಟೇಪಿನ ಮೇಲೆ ಗೆರೆ ಹಾಕಿ. ಬಲಕ್ಕೂ ಹಾಗೇ ಮಾಡಿ. ಎರಡು ಗೆರೆಗಳ ನಡುವಿನ ದೂರವೇ ಆಟ.

ಮಾರುತಿ 800ರಂಥ ರ‍್ಯಾಕ್ ಸ್ಟೀರಿಂಗಿನ (ಬಾಕ್ಸಿನ ಬದಲು ಹಲ್ಲಿರುವ ಅಡ್ಡ ಸರಳು) ಕಾರಿಗೆ ಇದು 30 ಮಿ.ಮೀ. ಒಳಗಿರಬೇಕು. ಬಾಕ್ಸ್ ಇರುವ ಹಳೆ ಜೀಪಿನಲ್ಲಿ ಜಾಯಿಂಟುಗಳು ಹೆಚ್ಚು, ಹಾಗಾಗಿ ಇದಕ್ಕಿಂತ ತುಸು ಹೆಚ್ಚಿರುವುದು ಸಹಜ. ಆದರೂ 50 ಮಿ.ಮೀ. ದಾಟಿತು ಎಂದರೆ ಕೆಲಸ ಬಾಕಿ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮ ಸ್ಟೀರಿಂಗಿನಲ್ಲಿ 30 ಡಿಗ್ರಿಗಿಂತ ಹೆಚ್ಚು ಆಟ ಇರಬಾರದು ಎನ್ನುತ್ತದೆ. 38 ಸೆಂ.ಮೀ. ಅಗಲದ ಸ್ಟೀರಿಂಗಿನ ಅಂಚಿನಲ್ಲಿ ಅದು ಸುಮಾರು 10 ಸೆಂ.ಮೀ. ಆಗುತ್ತದೆ. ಕಾನೂನಿಗೆ ಅಷ್ಟು ಸಾಕು. ಮಾಕುಟ್ಟದ ಘಾಟಿಗೆ ಸಾಲದು. ಅದೇ ನಿಯಮದಲ್ಲಿ ಇನ್ನೂ ಎರಡು ಮಾತಿವೆ: ಬಾಲ್ ಜಾಯಿಂಟುಗಳಿಗೆ ರಬ್ಬರ್ ಕ್ಯಾಪ್ ಇರಲೇಬೇಕು, ಬೋಲ್ಟು ಪಿನ್ನುಗಳು ಬಿಚ್ಚದಂತೆ ಲಾಕ್ ಆಗಿರಬೇಕು. ನಮ್ಮ ಮಳೆಗೆ ಈ ಎರಡನ್ನು ಪಾಲಿಸಿದರೆ ಅರ್ಧ ತೊಂದರೆ ಹುಟ್ಟುವುದೇ ಇಲ್ಲ.

ಕೆಲಸಕ್ಕೆ ಜಾಗ

ಕಾಫಿ ಒಣಗಿಸುವ ಸಿಮೆಂಟ್ ಕಣಕ್ಕಿಂತ ಒಳ್ಳೆಯ ಜಾಗ ಇಲ್ಲ. ಗಟ್ಟಿ ನೆಲ, ಬೆಳಕು, ಸುತ್ತ ಓಡಾಡಲು ಅವಕಾಶ. ಕುಯ್ಲು ಮುಗಿದು ಕಣ ಖಾಲಿಯಾದ ಮೇಲೆ, ಮಳೆ ಹಿಡಿಯುವ ಮುಂಚೆ ಈ ಕೆಲಸ ಮಾಡಿಕೊಳ್ಳಿ. ನೆಲಕ್ಕೆ ಹಳೆ ಟಾರ್ಪಾಲು ಹಾಸುವುದನ್ನು ಮರೆಯಬೇಡಿ. ಗ್ರೀಸು, ಗೇರ್ ಆಯಿಲ್ ಸಿಮೆಂಟಿಗೆ ಇಳಿದರೆ ಮುಂದಿನ ವರ್ಷದ ಕಾಫಿಗೆ ವಾಸನೆ ಹತ್ತುತ್ತದೆ. ನೀರು ಹರಿಯಲೆಂದು ಕಣಕ್ಕೂ ಸಣ್ಣ ಇಳಿಜಾರು ಇರುತ್ತದೆ, ಆದ್ದರಿಂದ ಹಿಂದಿನ ಚಕ್ರಗಳಿಗೆ ಎರಡೂ ಕಡೆ ಸಿಲ್ವರ್ ಓಕಿನ ತುಂಡು ಕೊಡಿ. ಜಾಕಿ ಎತ್ತಿದ ಮೇಲೆ ಚಾಸಿಯ ಕೆಳಗೆ ಸ್ಟ್ಯಾಂಡ್ ಇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕುಗಳ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ನುಗ್ಗಬೇಡಿ. ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ.

ಟೈರು ಮತ್ತು ರಿಮ್ಮು

ಗಾಳಿ ನೋಡುವುದು ಐದು ನಿಮಿಷದ ಕೆಲಸ, ಅರ್ಧ ಅಲೆದಾಟ ಇಲ್ಲೇ ಮುಗಿಯುತ್ತದೆ. ಟೈರು ತಣ್ಣಗಿರುವಾಗ ನಾಲ್ಕಕ್ಕೂ ಗೇಜ್ ಇಟ್ಟು ನೋಡಿ. ಕಂಪನಿ ಹೇಳಿದ ಅಳತೆ ಮ್ಯಾನುಯಲ್ಲಿನಲ್ಲಿ ಇರುತ್ತದೆ. ಕೆಸರಿನಲ್ಲಿ ಹಿಡಿತ ಸಿಗಲೆಂದು ತೋಟದಲ್ಲಿ ಗಾಳಿ ಇಳಿಸಿ ಓಡಿಸುವವರು, ಟಾರು ರಸ್ತೆಗೆ ಬಂದಾಗ ಮತ್ತೆ ತುಂಬಿಸುವುದನ್ನು ಮರೆಯುತ್ತಾರೆ. ಒಂದೇ ಆಕ್ಸಲ್ಲಿನಲ್ಲಿ ಒಂದು ರೇಡಿಯಲ್ಲು, ಇನ್ನೊಂದು ನೈಲಾನ್ ಟೈರು ಹಾಕಿದ್ದರೆ ಮುಂದಿನ ಪರೀಕ್ಷೆಗಳಿಗೆ ಅರ್ಥವೇ ಇಲ್ಲ, ಮೊದಲು ಅದನ್ನು ಸರಿಪಡಿಸಿ. ಎರಡರ ಪಕ್ಕದ ಗೋಡೆಗಳ ಗಟ್ಟಿತನ ಬೇರೆ, ತಿರುವಿನಲ್ಲಿ ಎರಡೂ ಬೇರೆ ಬೇರೆ ರೀತಿ ಬಾಗುತ್ತವೆ.

ಟೈರಿನ ಮೇಲೆ ಅಂಗೈ ಸವರಿ. ಹೊರಗಿನಿಂದ ಒಳಕ್ಕೆ ಸವರುವಾಗ ನಯವಾಗಿದ್ದು, ಒಳಗಿನಿಂದ ಹೊರಕ್ಕೆ ಸವರುವಾಗ ಗರಗಸದಂತೆ ತಾಗಿದರೆ ಚಕ್ರಗಳು ಒಳಮುಖವಾಗಿ ಹೆಚ್ಚು ತಿರುಗಿವೆ, ಟೋ-ಇನ್ ಜಾಸ್ತಿ. ಇದಕ್ಕೆ ತಿರುಗುಮುರುಗಾದರೆ ಟೋ-ಔಟ್. ಟೋ-ಔಟ್ ಆದ ಗಾಡಿ ನೇರ ರಸ್ತೆಯಲ್ಲಿ ಕಾಲೂರುವುದೇ ಇಲ್ಲ, ಸಣ್ಣ ಉಬ್ಬು ಸಿಕ್ಕಿದರೂ ಆಚೀಚೆ ಹಾರುತ್ತದೆ. ಅಲ್ಲಲ್ಲಿ ತಟ್ಟೆಯಂತೆ ಕುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ವೀಲ್ ಬೇರಿಂಗ್ ನೋಡಬೇಕು.

ಮಳೆಗಾಲದಲ್ಲಿ ಇನ್ನೊಂದು ಸಂಗತಿ. ರಿಮ್ಮಿನ ಒಳಮೈಯಲ್ಲಿ ಮೆತ್ತಿದ ಕೆಸರು ಒಣಗಿ ಅಲ್ಲೇ ಕೂತರೆ 50–60 ಕಿ.ಮೀ. ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಮಂದಲಪಟ್ಟಿಯಂಥ ಕೆಸರು ದಾರಿ ಏರಿ ಇಳಿದ ಜೀಪುಗಳಲ್ಲಿ ಇದು ಎಷ್ಟೋ ಸಲ ಕಿಂಗ್‌ಪಿನ್ನಿನ ದೋಷ ಎಂದು ತಪ್ಪಾಗಿ ಲೆಕ್ಕವಾಗುತ್ತದೆ. ಏನನ್ನೂ ಬಿಚ್ಚುವ ಮೊದಲು ರಿಮ್ಮಿನ ಒಳಗೆ ನೀರು ಬಿಟ್ಟು, ಕೋಲಿನಿಂದ ಕೆರೆದು ತೊಳೆದು ಇನ್ನೊಮ್ಮೆ ಓಡಿಸಿ ನೋಡಿ.

ಜಾಯಿಂಟುಗಳನ್ನು ಕೈಯಿಂದ ಕೇಳುವುದು

ಎಲ್ಲ ಪರೀಕ್ಷೆಗಳಲ್ಲಿ ಹೆಚ್ಚು ಹೇಳುವುದು ಇದೇ. ನಾಲ್ಕೂ ಚಕ್ರ ನೆಲದ ಮೇಲೇ ಇರಲಿ, ಜಾಕಿ ಬೇಡ. ಗಾಡಿಯ ಭಾರ ಚಕ್ರವನ್ನು ಹಿಡಿದಿರುವುದರಿಂದಲೇ ಸಡಿಲ ಜಾಯಿಂಟು ಬಾಯಿ ಬಿಡುತ್ತದೆ. ಜೊತೆಗಾರ ಸ್ಟೀರಿಂಗನ್ನು ಆಟದ ಅಳತೆಗಿಂತ ಸ್ವಲ್ಪ ಹೆಚ್ಚು, ಎಡಕ್ಕೆ ಬಲಕ್ಕೆ ಬಿಡದೆ ಅಲ್ಲಾಡಿಸುತ್ತಿರಲಿ. ಪೂರ್ತಿ ತಿರುಗಿಸುವುದು ಬೇಡ. ನೀವು ಕೆಳಗೆ ಹೋಗಿ ಒಂದೊಂದೇ ಜಾಯಿಂಟಿನ ಮೇಲೆ ಕೈಯಿಡಿ. ಹೆಬ್ಬೆರಳು ಒಂದು ಭಾಗದ ಮೇಲೆ, ತೋರುಬೆರಳು ಅದು ಸೇರುವ ಇನ್ನೊಂದು ಭಾಗದ ಮೇಲೆ ಇರಬೇಕು. ಎರಡೂ ಒಟ್ಟಿಗೆ ಸರಿದರೆ ಆ ಜಾಯಿಂಟು ಚೆನ್ನಾಗಿದೆ. ಹೆಬ್ಬೆರಳು ಮೊದಲು ಸರಿದು, ಆಮೇಲೆ ಟಕ್ ಎಂದು ತೋರುಬೆರಳು ಹಿಂಬಾಲಿಸಿದರೆ ಕಳ್ಳ ಸಿಕ್ಕಿದ. ಕಣ್ಣಿಗೆ ಕಾಣದ ಅರ್ಧ ಮಿ.ಮೀ. ಕೂಡ ಬೆರಳಿಗೆ ಸಿಗುತ್ತದೆ.

ಟೈ ರಾಡ್ ಎಂದರೆ ಚಕ್ರವನ್ನು ತಳ್ಳಿ ಎಳೆದು ತಿರುಗಿಸುವ ಸರಳು, ಎಂಡ್ ಎಂದರೆ ಅದರ ತುದಿಯ ಜಾಯಿಂಟು. ಚಕ್ರದ ಕಡೆಯ ಟೈ ರಾಡ್ ಎಂಡಿನಿಂದ ಶುರುಮಾಡಿ. ಎರಡೂ ಕಡೆ ನೋಡಿ ಒಳಗಿನ ಎಂಡಿಗೆ ಬನ್ನಿ. ಜೀಪಾದರೆ ಡ್ರಾಗ್ ಲಿಂಕಿನ (ಡ್ರಾಪ್ ಆರ್ಮಿನ ಚಲನೆಯನ್ನು ಮುಂದಕ್ಕೆ ಒಯ್ಯುವ ಸರಳು) ಎರಡು ತುದಿ, ಆಮೇಲೆ ಬಾಕ್ಸಿನಿಂದ ಇಳಿಯುವ ಡ್ರಾಪ್ ಆರ್ಮ್. ಡ್ರಾಪ್ ಆರ್ಮಿನ ದೊಡ್ಡ ನಟ್ ಸಡಿಲವಾಗಿ ಒಳಗಿನ ಹಲ್ಲು ಸವೆದಿದ್ದರೆ ಆರ್ಮು ಶಾಫ್ಟಿನ ಮೇಲೆ ತಾನೇ ಆಡುತ್ತದೆ. ನಟ್ಟಿನ ಸುತ್ತ ಕೆಂಪು ತುಕ್ಕಿನ ಪುಡಿ ಇಳಿದಿದ್ದರೆ ಅಲ್ಲಿ ಚಲನೆ ಇದೆ ಎಂದೇ ಅರ್ಥ.

ಜಾಯಿಂಟುಗಳನ್ನು ಮುಚ್ಚಿರುವ ರಬ್ಬರ್ ಬೂಟುಗಳನ್ನು ಒಂದೊಂದಾಗಿ ಹಿಸುಕಿ ನೋಡಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಡಿಗಳ ಕೆಳಭಾಗ ಒಣಗುವುದೇ ಇಲ್ಲ. ಬೂಟಿನ ಮಡಿಕೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟಿದ್ದರೂ ನೀರು ಒಳಗೆ ಹೋಗಿ ಗ್ರೀಸು ತೊಳೆದುಹೋಗುತ್ತದೆ, ಹಿಂದೆಯೇ ಮಣ್ಣು ಸೇರುತ್ತದೆ. ಅಂಥ ಬೂಟನ್ನು ಒತ್ತಿದರೆ ಗ್ರೀಸಿನ ಬದಲು ಕಾಫಿ ಚರಟದಂಥ ತೆಳು ಕೆಸರು ಹೊರಬರುತ್ತದೆ. ಕಲ್ಲು ಮಣ್ಣು ಬೆರೆತ ಆ ಕೆಸರು ಸಾಣೆ ಹಿಡಿದಂತೆ ಜಾಯಿಂಟಿನ ಒಳಗಿನ ಬಾಲನ್ನು (ಉಕ್ಕಿನ ಗುಂಡನ್ನು) ತಿಂದುಹಾಕುತ್ತದೆ. ಅಷ್ಟಾದ ಮೇಲೆ ಹೊಸ ಬೂಟು ಹಾಕಿ, ಗ್ರೀಸು ತುಂಬಿ ಉಪಯೋಗವಿಲ್ಲ, ಎಂಡನ್ನೇ ಬದಲಿಸಬೇಕು. ಕೆಲವು ಎಂಡುಗಳ ಒಳಗೆ ಸ್ಪ್ರಿಂಗ್ ಇರುತ್ತದೆ. ಅವನ್ನು ಮೇಲೆ ಕೆಳಗೆ ಒತ್ತಿದರೆ ತುಸು ಮೆತ್ತಗೆ ಒಳಗೆ ಹೋಗುವುದು ದೋಷವಲ್ಲ. ಅಡ್ಡಡ್ಡ ಆಡಿದರೆ ಮಾತ್ರ ದೋಷ.

ಜಾಕಿ ಎತ್ತಿದ ಮೇಲೆ

ಒಂದು ಚಕ್ರವನ್ನು ನೆಲದಿಂದ ಎತ್ತಿ. ಗಡಿಯಾರದ 12 ಮತ್ತು 6ರ ಜಾಗ ಹಿಡಿದು, ಮೇಲಿನ ಕೈಯಿಂದ ಒಳಕ್ಕೆ, ಕೆಳಗಿನ ಕೈಯಿಂದ ಹೊರಕ್ಕೆ ತಳ್ಳಿ, ಮತ್ತೆ ತಿರುಗುಮುರುಗು ಮಾಡಿ. ಆಟ ಇದ್ದರೆ ಅದು ವೀಲ್ ಬೇರಿಂಗಿನದೋ, ಬಾಲ್ ಜಾಯಿಂಟ್ ಅಥವಾ ಕಿಂಗ್‌ಪಿನ್ನಿನದೋ ಎಂದು ತಿಳಿಯಲು ಜೊತೆಗಾರನಿಗೆ ಬ್ರೇಕ್ ಗಟ್ಟಿಯಾಗಿ ಒತ್ತಲು ಹೇಳಿ. ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ಬೇರಿಂಗ್, ಹಾಗೇ ಉಳಿದರೆ ಬಾಲ್ ಜಾಯಿಂಟ್ ಅಥವಾ ಕಿಂಗ್‌ಪಿನ್. ಆಮೇಲೆ 3 ಮತ್ತು 9ರ ಜಾಗ ಹಿಡಿದು ಅಲ್ಲಾಡಿಸಿ. 12–6ರಲ್ಲಿ ಇಲ್ಲದ ಆಟ ಇಲ್ಲಿ ಮಾತ್ರ ಸಿಕ್ಕಿದರೆ ಅದು ಟೈ ರಾಡ್ ಎಂಡಿನದು.

ಹಳೆ ಜೀಪಿನ ಮುಂದಿನ ವೀಲ್ ಬೇರಿಂಗನ್ನು ಅಡ್ಜಸ್ಟ್ ಮಾಡಬಹುದು. ಚಕ್ರವನ್ನು ಕೈಯಿಂದ ಸುತ್ತುತ್ತಾ, ಚಕ್ರ ಹಿಡಿದುಕೊಳ್ಳುವವರೆಗೆ ನಟ್ ಬಿಗಿ ಮಾಡಿ, ಅಲ್ಲಿಂದ ಆರನೇ ಒಂದು ಸುತ್ತು ಹಿಂದಕ್ಕೆ ಬಿಚ್ಚಿ, ಲಾಕ್ ವಾಷರ್ ಮಡಿಸಿ, ಎರಡನೇ ನಟ್ ಹಾಕಿ. ಮಾರುತಿ 800ರ ಮುಂದಿನ ಬೇರಿಂಗಿಗೆ ಅಂಥ ಅಡ್ಜಸ್ಟ್‌ಮೆಂಟ್ ಇಲ್ಲ. ಹಬ್ ನಟ್ ಸರಿಯಾದ ಬಿಗಿಯಲ್ಲಿದ್ದೂ ಆಟ ಇದ್ದರೆ ಬೇರಿಂಗ್ ಬದಲಿಸುವುದೊಂದೇ ದಾರಿ.

ಮುಂದಿನ ಎರಡೂ ಚಕ್ರ ಎತ್ತಿ ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ. ಎಲ್ಲೂ ತಡೆಯದೆ ಒಂದೇ ಹದದಲ್ಲಿ ಹೋಗಬೇಕು. ಬಿಗಿಯಾದ ಸ್ಟೀರಿಂಗೂ ಗಾಡಿಯನ್ನು ಅಲೆಸುತ್ತದೆ ಎನ್ನುವುದು ಹಲವರ ಗಮನಕ್ಕೆ ಬರುವುದಿಲ್ಲ. ಒಣಗಿದ ಬಾಲ್ ಜಾಯಿಂಟು, ತುಕ್ಕು ಹಿಡಿದ ಸ್ಟ್ರಟ್ಟಿನ ಮೇಲಿನ ಬೇರಿಂಗು, ಶಿಮ್ (ಸಂದು ಹೊಂದಿಸುವ ತೆಳು ಲೋಹದ ಹಾಳೆ) ಕಡಿಮೆಯಾಗಿ ಹಿಡಿದುಕೊಂಡ ಕಿಂಗ್‌ಪಿನ್ನು, ಇವುಗಳಲ್ಲಿ ಯಾವುದಿದ್ದರೂ ಚಕ್ರ ತಾನಾಗಿ ನೇರಕ್ಕೆ ಬರುವುದಿಲ್ಲ. ಡ್ರೈವರ್ ತಿರುಗಿಸಿದಷ್ಟೇ ತಿರುಗಿ ಅಲ್ಲೇ ನಿಲ್ಲುತ್ತದೆ. ಅವನು ಎದುರು ತಿರುಗಿಸುತ್ತಾನೆ, ಅದು ಆ ಕಡೆ ನಿಲ್ಲುತ್ತದೆ. ಹೊರಗಿನವರಿಗೆ ಇದು ಸಡಿಲ ಸ್ಟೀರಿಂಗಿನಂತೆಯೇ ಕಾಣುತ್ತದೆ. ಬಿಗಿ ಎಲ್ಲಿದೆ ಎಂದು ತಿಳಿಯಲು ಟೈ ರಾಡನ್ನು ಸ್ಟೀರಿಂಗ್ ನಕಲ್‌ನಿಂದ (ಚಕ್ರವನ್ನು ಹೊತ್ತು ತಿರುಗುವ ಭಾಗ) ಬಿಡಿಸಿ, ಚಕ್ರವನ್ನು ಬೇರೆಯಾಗಿ, ಸ್ಟೀರಿಂಗನ್ನು ಬೇರೆಯಾಗಿ ತಿರುಗಿಸಿ ನೋಡಿ.

ಜೀಪಿನ ಮನೆಮಂದಿ ಇನ್ನೂ ನೋಡಬೇಕಾದದ್ದು

ಹಳೆ ಮಹೀಂದ್ರ ಸಿಜೆ-3ಬಿ ಮಾದರಿಯಲ್ಲಿ ಡ್ರಾಗ್ ಲಿಂಕ್ ನೇರ ಚಕ್ರಕ್ಕೆ ಹೋಗುವುದಿಲ್ಲ. ಮುಂದಿನ ಅಡ್ಡ ಮೆಂಬರಿನ ಮೇಲೆ ಒಂದು ಪಿನ್ನಿನ ಸುತ್ತ ತಿರುಗುವ ಬೆಲ್ ಕ್ರ್ಯಾಂಕ್ ಇರುತ್ತದೆ, ಅಲ್ಲಿಂದ ಎರಡೂ ಚಕ್ರಗಳಿಗೆ ರಾಡು ಹೊರಡುತ್ತದೆ. ಇದು ಟೈರು ಎರಚುವ ಕೆಸರಿಗೆ ನೇರ ಒಡ್ಡಿಕೊಂಡ ಜಾಗ. ಬೆಲ್ ಕ್ರ್ಯಾಂಕನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಡಿದರೆ ಪಿನ್ನು, ಬೇರಿಂಗು, ಸೀಲು ಒಟ್ಟಿಗೆ ಬದಲಿಸಿ. ಪಿನ್ನು ಸವೆದಿರುವಾಗ ಬೇರಿಂಗು ಮಾತ್ರ ಹೊಸದು ಹಾಕಿದರೆ ಒಂದು ಮಳೆಗಾಲವೂ ಬಾಳುವುದಿಲ್ಲ. ನಾಲ್ಕು ಎಂಡುಗಳನ್ನು ಹೊಸದಾಗಿ ಹಾಕಿಸಿಯೂ ಆಟ ಹಾಗೇ ಉಳಿದ ಜೀಪುಗಳಲ್ಲಿ ಮೊದಲು ನೋಡಬೇಕಾದ ಜಾಗ ಇದು.

ಈ ಜೀಪುಗಳ ಡ್ರಾಗ್ ಲಿಂಕಿನ ತುದಿಯಲ್ಲಿ ಸ್ಕ್ರೂ ಪ್ಲಗ್ ಇರುತ್ತದೆ, ಒಳಗೆ ಸ್ಪ್ರಿಂಗು ಮತ್ತು ಬಾಲ್ ಸೀಟು. ಸ್ಪ್ಲಿಟ್ ಪಿನ್ ತೆಗೆದು ಪ್ಲಗ್ಗನ್ನು ಬಾಲಿಗೆ ತಾಗುವವರೆಗೆ ಪೂರ್ತಿ ಬಿಗಿ ಮಾಡಿ. ಬೆಲ್ ಕ್ರ್ಯಾಂಕ್ ಕಡೆಯ ತುದಿಯಲ್ಲಿ ಅರ್ಧ ಸುತ್ತು, ಡ್ರಾಪ್ ಆರ್ಮ್ ಕಡೆಯ ತುದಿಯಲ್ಲಿ ಒಂದು ಸುತ್ತು ಹಿಂದಕ್ಕೆ ಬಿಚ್ಚಿ ಹೊಸ ಸ್ಪ್ಲಿಟ್ ಪಿನ್ ಹಾಕಿ. ಪೂರ್ತಿ ಬಿಗಿಯಲ್ಲೇ ಬಿಟ್ಟರೆ ಹೊಂಡದಲ್ಲಿ ಆಕ್ಸಲ್ ಏರಿಳಿಯುವಾಗ ಬಾಲಿನ ಕತ್ತು ಒತ್ತಡಕ್ಕೆ ಸಿಕ್ಕಿ ಮುರಿಯಬಹುದು.

ಕಿಂಗ್‌ಪಿನ್ ಬೇರಿಂಗುಗಳು ಸವೆದ ಜೀಪು, ಜಿಪ್ಸಿಗಳು ಒಂದು ಹೊಂಡ ತಾಗಿದ ಮೇಲೆ ಮೂತಿಯನ್ನು ಬಿಡದೆ ಕುಣಿಸಲು ಶುರುಮಾಡುತ್ತವೆ. ವೇಗ ಪೂರ್ತಿ ಇಳಿಸುವವರೆಗೆ ಅದು ನಿಲ್ಲುವುದಿಲ್ಲ. ಇದಕ್ಕೆ ನಡುಕ ತಗ್ಗಿಸುವ ಸ್ಟೀರಿಂಗ್ ಡ್ಯಾಂಪರ್ ಹಾಕಿಸಿ ಸುಮ್ಮನಾಗುವುದು ನೋವು ಮರೆಸುವ ಮಾತ್ರೆ ನುಂಗಿದಂತೆ. ಬೇರಿಂಗು ಚೆನ್ನಾಗಿದ್ದು ಬರೀ ಸಡಿಲವಾಗಿದ್ದರೆ ಒಂದೊಂದೇ ಶಿಮ್ ತೆಗೆದು ಬಿಗಿ ಮಾಡಬಹುದು. ಬೇರಿಂಗಿನ ಕಪ್ಪಿನಲ್ಲಿ ರೋಲರ್ ಕೂತ ಗುರುತು ಗೆರೆಗೆರೆಯಾಗಿ ಮೂಡಿದ್ದರೆ ಶಿಮ್ಮಿನಿಂದ ಪ್ರಯೋಜನವಿಲ್ಲ.

ಇನ್ನು ಪಟ್ಟೆಗಳು, ಅಂದರೆ ಲೀಫ್ ಸ್ಪ್ರಿಂಗುಗಳು. ಕಾಫಿ ಮೂಟೆ, ಗೊಬ್ಬರ ಹೊರಲೆಂದು ಹಿಂದೆ ಒಂದೆರಡು ಹೆಚ್ಚುವರಿ ಪಟ್ಟೆ ಹಾಕಿಸುವುದು ತೋಟದ ಜೀಪುಗಳಲ್ಲಿ ಸಾಮಾನ್ಯ. ಹೊರೆ ಇದ್ದಾಗ ಗಾಡಿ ನೆಟ್ಟಗಿರುತ್ತದೆ, ಖಾಲಿ ಓಡಿಸಿದಾಗ ಅಲೆಯುತ್ತದೆ. ಕಾರಣ ಲೆಕ್ಕದಲ್ಲೇ ಇದೆ. ಸಿಜೆ-3ಬಿಯ ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳ ನಡುವೆ ಸುಮಾರು 2 ಮೀಟರ್ ದೂರ. ಹಿಂಬದಿ 5 ಸೆಂ.ಮೀ. ಎತ್ತರವಾದರೆ ಇಡೀ ಚಾಸಿ ಸುಮಾರು ಒಂದೂವರೆ ಡಿಗ್ರಿ ಮುಂದಕ್ಕೆ ಬಾಗುತ್ತದೆ, ಮುಂದಿನ ಆಕ್ಸಲ್ಲೂ ಅದರ ಜೊತೆ ತಿರುಗುತ್ತದೆ. ಚಕ್ರ ತಾನಾಗಿ ನೇರಕ್ಕೆ ಬರುವಂತೆ ಮಾಡುವ ಕ್ಯಾಸ್ಟರ್ ಕೋನ ಆ ಜೀಪಿಗೆ ಇರುವುದೇ 3 ಡಿಗ್ರಿ. ಅಂದರೆ ಸರಿಸುಮಾರು ಅರ್ಧ ಹೋಯಿತು. ಮುಂದಿನ ಪಟ್ಟೆಗಳೂ ಕುಸಿದಿದ್ದರೆ ಇನ್ನೂ ಕಡಿಮೆ. ಇಂಥ ಗಾಡಿಗೆ ಸ್ಟೀರಿಂಗಿನ ಭಾಗಗಳನ್ನೆಲ್ಲ ಬದಲಿಸಿದರೂ ಅಲೆದಾಟ ಹೋಗುವುದಿಲ್ಲ. ಹೆಚ್ಚುವರಿ ಪಟ್ಟೆ ತೆಗೆಸಬೇಕು, ಇಲ್ಲವೇ ಮುಂದಿನ ಆಕ್ಸಲ್ ಮತ್ತು ಪಟ್ಟೆಯ ನಡುವೆ ಕ್ಯಾಸ್ಟರ್ ಶಿಮ್ ಕೊಡಿಸಬೇಕು. ಶಿಮ್ಮಿನ ದಪ್ಪ ಭಾಗ ಯಾವ ಕಡೆ ಬರಬೇಕು ಎಂದು ಖಚಿತ ಮಾಡಿಕೊಂಡೇ ಹಾಕಿಸಿ. ತಿರುಗಿಸಿ ಹಾಕಿದರೆ ರೋಗ ಇಮ್ಮಡಿಯಾಗುತ್ತದೆ. ಕಿಂಗ್‌ಪಿನ್ನಿನ ಮೇಲ್ತುದಿ ಹಿಂದಕ್ಕೆ ವಾಲಬೇಕು, ಅಷ್ಟನ್ನು ನೆನಪಿಟ್ಟುಕೊಂಡರೆ ಸಾಕು.

ಹಿಂದಿನ ಆಕ್ಸಲ್ಲೂ ಗಾಡಿಯನ್ನು ತಿರುಗಿಸುತ್ತದೆ. ಪಟ್ಟೆಯ ಸೆಂಟರ್ ಬೋಲ್ಟ್ ತುಂಡಾದರೆ ಆಕ್ಸಲ್ ಒಂದು ಕಡೆ ಹಿಂದಕ್ಕೆ ಜಾರುತ್ತದೆ. ಮುಂದಿನ ಹಬ್ಬಿನ ನಡುವಿನಿಂದ ಹಿಂದಿನ ಹಬ್ಬಿನ ನಡುವಿನವರೆಗೆ ಎರಡೂ ಬದಿಯಲ್ಲಿ ಟೇಪು ಹಿಡಿಯಿರಿ. ಎರಡರ ನಡುವೆ 5–6 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಯೂ-ಬೋಲ್ಟು, ಸೆಂಟರ್ ಬೋಲ್ಟು, ಶ್ಯಾಕಲ್ ಬುಷ್ ನೋಡಿ. ಪಟ್ಟೆಯ ಮೇಲೆ ಯೂ-ಬೋಲ್ಟಿನ ಪಕ್ಕ ತುಕ್ಕಿಲ್ಲದೆ ಹೊಳೆಯುವ ಗೆರೆ ಕಂಡರೆ ಆಕ್ಸಲ್ ಅಲ್ಲಿ ಸರಿದಿದೆ.

ರ‍್ಯಾಕ್ ಇರುವ ಕಾರುಗಳು

ಮಾರುತಿ 800, ಅಂಬಾಸಿಡರ್ ಎರಡಕ್ಕೂ ರ‍್ಯಾಕ್ ಸ್ಟೀರಿಂಗ್. ಇವುಗಳಲ್ಲಿ ನೋಡುವ ಜಾಗಗಳು ಕಡಿಮೆ. ರ‍್ಯಾಕನ್ನು ಬಾಡಿಗೆ ಹಿಡಿದಿರುವ ಕ್ಲ್ಯಾಂಪುಗಳ ರಬ್ಬರು ಇಂಜಿನ್ ಆಯಿಲ್ ಸೋರಿ ನೆನೆದು ಹಲ್ವದಂತೆ ಮೆತ್ತಗಾಗಿರುತ್ತದೆ. ಸ್ಟೀರಿಂಗ್ ಅಲ್ಲಾಡಿಸಿದಾಗ ಚಕ್ರಕ್ಕೆ ಮೊದಲು ರ‍್ಯಾಕೇ ಅತ್ತಿತ್ತ ಸರಿದರೆ ಇದೇ ಕಾರಣ. ರಬ್ಬರು ಅಗ್ಗ, ಆಯಿಲ್ ಸೋರಿಕೆ ನಿಲ್ಲಿಸಿಯೇ ಹಾಕಿಸಿ. ಸ್ಟೀರಿಂಗ್ ಕಾಲಮ್ಮಿನ ಕೆಳಗಿರುವ ಯೂನಿವರ್ಸಲ್ ಜಾಯಿಂಟು ಮತ್ತು ಅದರ ಕ್ಲ್ಯಾಂಪ್ ಬೋಲ್ಟನ್ನೂ ನೋಡಿ. ಕಾಲ ಬಳಿ ಇರುವುದರಿಂದ ಒದ್ದೆ ಚಪ್ಪಲಿಯ ನೀರು ಅಲ್ಲಿಗೆ ಇಳಿದು ತುಕ್ಕು ಹಿಡಿಯುತ್ತದೆ.

800ರಲ್ಲಿ ಲೋವರ್ ಆರ್ಮನ್ನು ಹಿಂದೆ ಮುಂದೆ ಹೋಗದಂತೆ ಹಿಡಿದಿರುವುದು ಸ್ಟೆಬಿಲೈಸರ್ ಬಾರ್. ಅದರ ತುದಿಯ ಬುಷ್ ಸವೆದರೆ ಬ್ರೇಕ್ ಒತ್ತಿದಾಗ ಚಕ್ರವೇ ಹಿಂದಕ್ಕೆ ಸರಿದು ಮೂತಿ ಹೊರಳುತ್ತದೆ. ಚಕ್ರದ ಬಳಿ ಉದ್ದದ ರಾಡು ತೂರಿಸಿ ಮೀಟಿ ನೋಡಿದರೆ ಗೊತ್ತಾಗುತ್ತದೆ. ಬುಷ್ ಬದಲಿಸಿದಾಗ ನಟ್‌ಗಳ ಕೊನೆಯ ಬಿಗಿಯನ್ನು ಕಾರು ನೆಲದ ಮೇಲೆ ತನ್ನ ಭಾರದಲ್ಲಿ ಕೂತಿರುವಾಗ ಕೊಡಿ. ಗಾಳಿಯಲ್ಲಿ ತೂಗಾಡುವಾಗ ಬಿಗಿ ಮಾಡಿದರೆ ಇಳಿಸಿದ ಕ್ಷಣವೇ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ.

ಈಗ ಬಾಕ್ಸು

ಮೇಲಿನದೆಲ್ಲ ಸರಿಯಿದ್ದೂ ಆಟ ಉಳಿದಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಮೊದಲು ಬಾಕ್ಸನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳನ್ನು ನೋಡಿ. ಜೊತೆಗಾರ ಸ್ಟೀರಿಂಗ್ ಅಲ್ಲಾಡಿಸುವಾಗ ಬಾಕ್ಸಿನ ಮೈ ಚಾಸಿಯಿಂದ ಬೇರೆಯಾಗಿ ಸರಿಯುತ್ತದೆಯೇ? ಬೋಲ್ಟಿನ ತೂತಿನ ಸುತ್ತ ಕೆಸರು ಕೆರೆದು, ಬಟ್ಟೆಯಿಂದ ಒರೆಸಿ, ಚಾಸಿಯಲ್ಲಿ ಸೀಳು ಇದೆಯೇ ನೋಡಿ. ಸೀಳು ಇದ್ದರೆ ಆ ದಿನದಿಂದಲೇ ಗಾಡಿ ನಿಲ್ಲಿಸಬೇಕು.

ಆಮೇಲೆ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ನಿಮ್ಮ ಕಡೆಗೆ ಎಳೆದು ಒತ್ತಿ. ಶಾಫ್ಟು ಹಾಗೆ ಸರಿದರೆ ಒಳಗಿನ ಬೇರಿಂಗು ಸವೆದಿದೆ. ಸಿಜೆ-3ಬಿಯ ಬಾಕ್ಸಿನಲ್ಲಿ ಇದನ್ನು ಮೇಲಿನ ಕವರಿನ ಶಿಮ್ ಕಡಿಮೆ ಮಾಡಿ ಸರಿಪಡಿಸಬೇಕು, ಪಕ್ಕದ ಸ್ಕ್ರೂವಿನಿಂದಲ್ಲ. ಮೊದಲು ಶಿಮ್, ಆಮೇಲೆ ಸ್ಕ್ರೂ. ಸ್ಕ್ರೂ ಮುಟ್ಟುವಾಗ ಡ್ರಾಗ್ ಲಿಂಕ್ ಬಿಡಿಸಿ, ಸ್ಟೀರಿಂಗಿನ ಒಟ್ಟು ಸುತ್ತುಗಳನ್ನು ಎಣಿಸಿ ಸರಿಯಾಗಿ ನಡುವಿಗೆ ತಂದು ನಿಲ್ಲಿಸಿ. ಲಾಕ್ ನಟ್ ಸಡಿಲಿಸಿ, ನಡುವಿನ ಜಾಗ ದಾಟುವಾಗ ಕೈಗೆ ತೀರಾ ಸಣ್ಣ ತಡೆ ತಾಗುವವರೆಗೆ ಬಿಗಿ ಮಾಡಿ, ನಟ್ ಕಟ್ಟಿ. ಇನ್ನೊಮ್ಮೆ ತುದಿಯಿಂದ ತುದಿಗೆ ತಿರುಗಿಸಿ. ತುದಿಗಳ ಬಳಿ ಹಿಡಿದುಕೊಂಡರೆ ನಡುಭಾಗ ಸವೆದುಹೋಗಿದೆ, ಸ್ಕ್ರೂ ಹಿಂದಕ್ಕೆ ಬಿಚ್ಚಿ ಬಾಕ್ಸಿಗೆ ರಿಪೇರಿ ಕಿಟ್ ಹಾಕಿಸಿ.

ಸೀಲು ಸೋರುತ್ತದೆ ಎಂದು ಬಾಕ್ಸಿಗೆ ಗ್ರೀಸು ತುಂಬುವ ಅಭ್ಯಾಸ ಬಿಡಿ. ಹಲ್ಲು ಓಡಾಡುವ ದಾರಿಯಿಂದ ಗ್ರೀಸು ಪಕ್ಕಕ್ಕೆ ಸರಿದು ಅಲ್ಲೇ ನಿಲ್ಲುತ್ತದೆ, ವಾಪಸ್ ಹರಿದು ಬರುವುದಿಲ್ಲ. ಹಲ್ಲು ಒಣಗಿ ಉಜ್ಜುತ್ತದೆ. ಸೀಲು ಬದಲಿಸಿ, ಮ್ಯಾನುಯಲ್ ಹೇಳಿದ ಗೇರ್ ಆಯಿಲ್ಲನ್ನೇ ಹಾಕಿ.

ಟೋ ನೋಡುವುದು, ಕಟ್ಟುವುದು

ಯಾವ ಎಂಡು ಬದಲಿಸಿದರೂ ಟೋ ಬದಲಾಗುತ್ತದೆ. ಅಲೈನ್‌ಮೆಂಟ್ ಅಂಗಡಿಗೆ ಹೋಗುವವರೆಗೆ ಕಣದಲ್ಲೇ ಅಂದಾಜು ಹೊಂದಿಸಿಕೊಳ್ಳಬಹುದು. ಮುಂದಿನ ಚಕ್ರ ಎತ್ತಿ, ಸುತ್ತುತ್ತಾ ಟೈರಿನ ನಡುವೆ ಚಾಕ್‌ಪೀಸಿನಿಂದ ಬಿಳಿ ಪಟ್ಟಿ ಬಳಿಯಿರಿ. ಅದರ ಮೇಲೆ ಮೊಳೆಯನ್ನು ಅಲ್ಲಾಡದಂತೆ ಹಿಡಿದು ಇನ್ನೊಮ್ಮೆ ಸುತ್ತಿ, ತೆಳ್ಳಗಿನ ಗೆರೆ ಮೂಡಿಸಿ. ಎರಡೂ ಚಕ್ರಕ್ಕೆ ಹೀಗೆ ಮಾಡಿ, ಗಾಡಿ ಇಳಿಸಿ, ಒಂದೆರಡು ಮೀಟರ್ ಮುಂದಕ್ಕೆ ತಳ್ಳಿ. ಹಬ್ಬಿನ ಎತ್ತರದಲ್ಲಿ ಎರಡು ಗೆರೆಗಳ ನಡುವಿನ ದೂರವನ್ನು ಟೈರಿನ ಮುಂಬದಿಯಲ್ಲಿ ಒಮ್ಮೆ, ಹಿಂಬದಿಯಲ್ಲಿ ಒಮ್ಮೆ ಅಳೆಯಿರಿ. ಮುಂದೆ ಕಡಿಮೆ ಬಂದರೆ ಟೋ-ಇನ್. ಸಿಜೆ-3ಬಿಗೆ ಈ ವ್ಯತ್ಯಾಸ 1ರಿಂದ 2.5 ಮಿ.ಮೀ. ಒಳಗಿರಬೇಕು. ಬೇರೆ ಗಾಡಿಗಳಿಗೆ ಅವುಗಳ ಮ್ಯಾನುಯಲ್ ನೋಡಿ. ರ‍್ಯಾಕ್ ಇರುವ ಕಾರಿನಲ್ಲಿ ಎರಡೂ ಕಡೆಯ ರಾಡನ್ನು ಸಮಾನ ಸುತ್ತು ತಿರುಗಿಸಿ, ಇಲ್ಲದಿದ್ದರೆ ಸ್ಟೀರಿಂಗ್ ಓರೆಯಾಗಿ ನಿಲ್ಲುತ್ತದೆ.

ಹಳೆ ಎಂಡು ಬಿಚ್ಚುವಾಗ ಎಷ್ಟು ಸುತ್ತಿಗೆ ಹೊರಬಂತು ಎಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಹಾಕಿ. ಎಂಡಿನ ಟೇಪರ್ ಮತ್ತು ಅದು ಕೂರುವ ತೂತು ಗ್ರೀಸಿಲ್ಲದೆ ಒಣಗಿರಬೇಕು. ಸ್ಪ್ಲಿಟ್ ಪಿನ್ನಿನ ತೂತು ಹೊಂದದಿದ್ದರೆ ನಟ್ಟನ್ನು ಮುಂದಿನ ಗೀರಿಗೆ ಬಿಗಿ ಮಾಡಿ, ಯಾವತ್ತೂ ಹಿಂದಕ್ಕೆ ಬಿಚ್ಚಬೇಡಿ. ಬಿಚ್ಚಿದ ಪಿನ್ನನ್ನು ನೇರ ಮಾಡಿ ಮತ್ತೆ ಹಾಕಬೇಡಿ. ಬಾಗಿದ ಟೈ ರಾಡನ್ನು ಕುಲುಮೆಗೆ ಕೊಟ್ಟು ಕಾಯಿಸಿ ನೇರ ಮಾಡಿಸುವುದು, ಸವೆದ ಡ್ರಾಪ್ ಆರ್ಮಿಗೆ ವೆಲ್ಡಿಂಗ್ ಹಾಕಿಸುವುದು ಬೇಡವೇ ಬೇಡ. ಕಾಯಿಸಿದ ಉಕ್ಕು ಹದ ಕಳೆದುಕೊಳ್ಳುತ್ತದೆ, ಮುರಿಯುವ ದಿನ ಯಾವ ಸದ್ದನ್ನೂ ಮಾಡುವುದಿಲ್ಲ.

ಸುಮಾರು 100 ಕಿ.ಮೀ. ಓಡಿದ ಮೇಲೆ ಬಿಚ್ಚಿದ್ದ ಪ್ರತಿ ನಟ್ಟನ್ನೂ ಒಮ್ಮೆ ಪರೀಕ್ಷಿಸಿ, ಟೇಪಿನ ಮೇಲೆ ಆಟವನ್ನು ಇನ್ನೊಮ್ಮೆ ಅಳೆದು ಹಳೆ ಅಂಕಿಯ ಪಕ್ಕ ಬರೆದಿಡಿ. ಮಳೆಗಾಲದ ನಾಲ್ಕು ತಿಂಗಳು ಎರಡು ವಾರಕ್ಕೊಮ್ಮೆ ಗ್ರೀಸ್ ಗನ್ ಹಿಡಿದು, ನಿಪ್ಪಲ್ ಇರುವ ಪ್ರತಿ ಜಾಯಿಂಟಿಗೂ ಹಳೆ ಕೊಳಕು ಗ್ರೀಸು ಹೊರಬಂದು ಹೊಸದು ಕಾಣುವವರೆಗೆ ಒತ್ತಿ. ಹೊಳೆ, ತೋಡು ದಾಟಿದ ದಿನ ಸಂಜೆಯೇ ಒತ್ತಿದರೆ ಒಳಗೆ ಸೇರಿದ ನೀರು ತುಕ್ಕು ಹಿಡಿಸುವ ಮೊದಲೇ ಗ್ರೀಸಿನ ಜೊತೆ ಹೊರಬರುತ್ತದೆ.